ತಂತಿಯಲ್ಲಿ ಸೋರಿಹೋಗುವುದೆಷ್ಟು?

1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ದೂರ ಸುಮಾರು 92 ಮೈಲಿ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಯೋಜನೆಯ ಬೆನ್ನಿಗೆ ನಿಂತಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಈ ಕಥೆ ಹೇಳುವಾಗ ನಾವು ಜಲಪಾತವನ್ನೂ ಚಿನ್ನವನ್ನೂ ನೆನೆಯುತ್ತೇವೆ, ನಡುವಿನ ತಂತಿಯನ್ನು ಮರೆಯುತ್ತೇವೆ. ಎಂಜಿನಿಯರುಗಳ ತಲೆನೋವು ಇದ್ದದ್ದು ಅಲ್ಲೇ. ತಂತಿ ಉದ್ದವಾದಷ್ಟೂ ವಿದ್ಯುತ್ತು ದಾರಿಯಲ್ಲೇ ಶಾಖವಾಗಿ ಸೋರುತ್ತದೆ. ದಪ್ಪ ತಂತಿ ಎಳೆಯೋಣವೆಂದರೆ ತಾಮ್ರದ ಖರ್ಚು. ಇನ್ನೊಂದು ದಾರಿ, ವೋಲ್ಟೇಜ್ ಏರಿಸಿ ಕರೆಂಟನ್ನು ಇಳಿಸುವುದು. ವೋಲ್ಟೇಜ್ ಹತ್ತುಪಟ್ಟಾದರೆ ಅದೇ ತಂತಿಯಲ್ಲಿ ನಷ್ಟ ನೂರರಲ್ಲೊಂದು ಪಾಲಾಗುತ್ತದೆ. ಹಾಗಾಗಿ ಮೂವತ್ತು ಸಾವಿರ ವೋಲ್ಟಿನ ಆಸುಪಾಸಿಗೆ ಏರಿಸಿ ಕಳಿಸಿದರು, ಗಣಿಯ ಬಳಿ ಟ್ರಾನ್ಸ್‌ಫಾರ್ಮರ್ ಇಟ್ಟು ಇಳಿಸಿಕೊಂಡರು.

ಬಂಗಾರಪೇಟೆಯ ನಮ್ಮ ಮನೆಯಲ್ಲಿ ಸ್ಟೀರಿಯೊ ಜೋಡಿಸಲು ಕೂತಾಗ ನನ್ನ ಮುಂದಿದ್ದದ್ದೂ ಇದೇ ಲೆಕ್ಕ. ಆಂಪ್ಲಿಫೈಯರ್ ಹಜಾರದಲ್ಲಿ, ಸ್ಪೀಕರಿಗೆ ಹತ್ತು ಮೀಟರ್ ದೂರ. ಹೋಗಿ ಬರುವ ಎರಡೆಳೆ ಸೇರಿ ಇಪ್ಪತ್ತು ಮೀಟರ್ ತಾಮ್ರ. ಅರ್ಧ ಚದರ ಮಿಲಿಮೀಟರಿನ ಸಪೂರ ತಂತಿಯಾದರೆ ಅದರ ಪ್ರತಿರೋಧವೇ ಸುಮಾರು 0.7 ಓಮ್. 8 ಓಮ್ ಸ್ಪೀಕರಿಗೆ ಹೊರಟ ಶಕ್ತಿಯಲ್ಲಿ ನೂರಕ್ಕೆ ಎಂಟರಷ್ಟು ತಂತಿಗೇ ಹೋಯಿತು. ಎರಡೂವರೆ ಚದರ ಮಿಲಿಮೀಟರ್ ತಂತಿಯಲ್ಲಿ ಅದು ಎರಡಕ್ಕೂ ಕಡಿಮೆ.

ಒಂದೇ ಚಾನೆಲ್ಲಿಗೆ ಎರಡು ಸ್ಪೀಕರ್ ಬೇಕೆಂದರೆ ಇನ್ನೊಂದು ಆಯ್ಕೆ. 8 ಓಮಿನ ಎರಡನ್ನು ಪ್ಯಾರಲಲ್ ಕೊಟ್ಟರೆ 4 ಓಮ್, ಸೀರೀಸ್ ಕೊಟ್ಟರೆ 16. ಆಂಪ್ಲಿಫೈಯರಿನ ಬೆನ್ನ ಮೇಲೆ ಬರೆದಿರುವ ಕನಿಷ್ಠ ಓಮ್ ನೋಡದೆ ಪ್ಯಾರಲಲ್ ಕೊಟ್ಟರೆ ಅದು ಕಾದು ಕೈಕೊಡಬಹುದು.

ಊರಹಬ್ಬದ ಮೈಕ್ ಸೆಟ್ಟಿನವರ ದಾರಿ ಬೇರೆ. ಬೀದಿಯುದ್ದಕ್ಕೂ ಹತ್ತಾರು ಹಾರ್ನ್ ಕಟ್ಟುವಾಗ ದಪ್ಪ ತಂತಿ ಗಿಟ್ಟುವುದಿಲ್ಲ. ಅವರು 100 ವೋಲ್ಟ್ ಲೈನ್ ಬಳಸುತ್ತಾರೆ. ಪ್ರತಿ ಹಾರ್ನಿಗೂ ಪುಟ್ಟದೊಂದು ಟ್ರಾನ್ಸ್‌ಫಾರ್ಮರ್. 100 ವಾಟ್ ಶಕ್ತಿಯನ್ನು 8 ಓಮಿಗೆ ನೇರವಾಗಿ ಕಳಿಸಲು ಮೂರೂವರೆ ಆಂಪಿಯರ್ ಬೇಕು. 100 ವೋಲ್ಟಿನಲ್ಲಿ ಒಂದೇ ಆಂಪಿಯರ್ ಸಾಕು. ಶಿವನಸಮುದ್ರದ ಉಪಾಯವೇ ಇದು, ಜಾತ್ರೆಯ ಅಳತೆಗೆ ಇಳಿದದ್ದು. ಆದರೆ ಅಗ್ಗದ ಟ್ರಾನ್ಸ್‌ಫಾರ್ಮರಿನಲ್ಲಿ ಮಂದ್ರದ ಗಾಂಭೀರ್ಯ ಕರಗುತ್ತದೆ. ಕೂಗು ದೂರ ಮುಟ್ಟಬೇಕಾದಲ್ಲಿ ಅದು ಸರಿ. ಹತ್ತು ಮೀಟರಿನ ಮನೆಗೆ ದಪ್ಪ ತಂತಿಯೇ ಮೇಲು. ನಾನು ಅದನ್ನೇ ಎಳೆದೆ.

ದೂರದ ತಂತಿಗೆ ಇನ್ನೊಂದು ಗುಣವಿದೆ. ಅಷ್ಟು ಎತ್ತರದ ವೋಲ್ಟೇಜಿನಿಂದ ನಡುದಾರಿಯಲ್ಲಿ ಯಾರೂ ಸುಮ್ಮನೆ ಒಂದು ದೀಪ ಹಚ್ಚಿಕೊಳ್ಳಲಾರರು. ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್ ಬೇಕು, ಅದನ್ನು ಇಡಲು ಯಾರಾದರೂ ಮನಸ್ಸು ಮಾಡಬೇಕು. ಬೆಂಗಳೂರಿನ ಬೀದಿಗೇ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಗಣಿಗಿಂತ ಮೂರು ವರ್ಷ ತಡವಾಗಿ. ತಂತಿಯ ಕೆಳಗಿನ ಹಳ್ಳಿಗಳು ಇನ್ನೂ ಎಷ್ಟೋ ಕಾಲ ಎಣ್ಣೆದೀಪದಲ್ಲೇ ಇದ್ದವು. ಎಂಜಿನಿಯರುಗಳು ನಷ್ಟವೆಂದು ಲೆಕ್ಕ ಹಾಕಿದ್ದು ದಾರಿಯಲ್ಲಿ ಸೋರಿದ್ದನ್ನು ಮಾತ್ರ. ದಾರಿಯವರಿಗೆ ಸಿಗದೆ ಹೋದದ್ದು ಆ ಲೆಕ್ಕದಲ್ಲಿ ಬರಲಿಲ್ಲ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಆ ಬಾಕಿಯನ್ನು ನಾವು ಇನ್ನೂ ಬರೆದಿಟ್ಟಿಲ್ಲ.