ಅಂಗಡಿ-ಮನೆ ಮುಂದಿನ ಮರ ಚಳಿಗಾಲದಲ್ಲಿ ಸವರೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ತುಮಕೂರು: ಧನುರ್ಮಾಸ ಬಂತೆಂದರೆ ತಿಪಟೂರು, ಗುಬ್ಬಿ, ಕುಣಿಗಲ್ ಪೇಟೆ ಬೀದಿಗಳಲ್ಲಿ ಮಚ್ಚು, ಕೊಡಲಿ ಹೊರಬರುತ್ತವೆ. ಬೋರ್ಡ್ ಕಾಣಲ್ಲ, ಎಲೆ ಉದುರಿ ಚರಂಡಿ ಕಟ್ಟುತ್ತೆ ಅಂತ ಮರದ ತಲೆಯನ್ನೇ ಬೋಳಿಸಿಬಿಡುತ್ತಾರೆ. ಮುಂದೆ ಏಪ್ರಿಲ್ ಬಿಸಿಲಿಗೆ ಅಂಗಡಿ ಮುಂದೆ ನಿಲ್ಲಲು ಗಿರಾಕಿಗೆ ನೆರಳಿರುವುದಿಲ್ಲ.

ತೊಂದರೆ ಅಷ್ಟಕ್ಕೇ ಮುಗಿಯಲ್ಲ. ತಲೆ ಕಡಿದ ಮರ ಗಾಯದ ಸುತ್ತ ಗೊಂಚಲು ಗೊಂಚಲಾಗಿ ಚಿಗುರುತ್ತದೆ. ಈ ಚಿಗುರು ತೊಗಟೆಯ ಹತ್ತಿರವಷ್ಟೇ ಅಂಟಿಕೊಂಡಿರುತ್ತದೆ, ಒಳಗಿನ ಮರದ ಹಿಡಿತ ಇರುವುದಿಲ್ಲ. ಕಡಿದ ಜಾಗದಲ್ಲಿ ಕೊಳೆತವೂ ಶುರುವಾಗುತ್ತದೆ. ಎರಡು-ಮೂರು ವರ್ಷದಲ್ಲಿ ಕೊಂಬೆ ದಪ್ಪಗಾದಾಗ ಮುಂಗಾರು ಪೂರ್ವ ಮಳೆಯ ಒಂದು ಗಾಳಿ ಸಾಕು, ಕೆಳಗೆ ನಿಂತ ಬೈಕ್ ಮೇಲೋ ಮನುಷ್ಯರ ಮೇಲೋ ಬೀಳುತ್ತದೆ.

ಯಾವ ಮರ, ಯಾವಾಗ?

* ಹೊಂಗೆ: ಎಲೆ ಉದುರಿಸುವ ಹೊತ್ತಿಗೆ, ಹೊಸ ಚಿಗುರು ಬರುವ ಮುಂಚೆ ಸವರಿ.
* ಗುಲ್‌ಮೊಹರ್: ಕೊಂಬೆ ಪೆಡಸು, ಬೇಗ ಮುರಿಯುತ್ತದೆ. ಒಣಗಿದ, ಉದ್ದಕ್ಕೆ ಚಾಚಿದ ಕೊಂಬೆಗಳನ್ನು ಈಗಲೇ ತೆಗೆಯಿರಿ.
* ಟಬೂಬಿಯಾ: ಹೂ ಬಿಡುವ ಕಾಲವೇ ಇದು. ಹೂ ಮುಗಿದ ಮೇಲೆ ಕೈ ಹಾಕಿ.
* ಕಾಡುಬಾದಾಮಿ: ಎಲೆ ಕೆಂಪಾಗಿ ಉದುರುವುದು ಸಹಜ, ರೋಗವಲ್ಲ. ಅದಕ್ಕಾಗಿ ಕೊಂಬೆ ಕಡಿಯಬೇಡಿ.
* ಕಂಬದ ಅಶೋಕ: ತುದಿ ಕತ್ತರಿಸಿದರೆ ಆಕಾರವೇ ಹಾಳು. ಒಣ ಕಡ್ಡಿ ಮಾತ್ರ ತೆಗೆಯಿರಿ.

ಮೂರು ಕೊಯ್ತದ ಲೆಕ್ಕ

ಮಚ್ಚು ಬೇಡ, ಗರಗಸ ಹಿಡಿಯಿರಿ. ಮೊದಲು ಕಾಂಡದಿಂದ ಒಂದು ಅಡಿ ದೂರದಲ್ಲಿ, ಕೊಂಬೆಯ ಕೆಳಭಾಗದಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಎರಡನೆಯದಾಗಿ, ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಪೂರ್ತಿ ಕೊಯ್ಯಿರಿ. ಹೀಗೆ ಮಾಡಿದರೆ ಭಾರಕ್ಕೆ ತೊಗಟೆ ಸೀಳಿ ಬರಲ್ಲ. ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದಲ್ಲಿರುವ ಉಬ್ಬಿದ ಉಂಗುರದ ಹೊರಗೆ ಕತ್ತರಿಸಿ. ಗಾಯ ಮುಚ್ಚುವ ಶಕ್ತಿ ಇರುವುದು ಆ ಉಂಗುರದಲ್ಲೇ. ಅದನ್ನು ಕೆತ್ತಲೂಬಾರದು, ಉದ್ದ ಮೋಟು ಬಿಡಲೂಬಾರದು.

ಒಂದೇ ಸಲ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಬೋರ್ಡ್ ಕಾಣಬೇಕಾದರೆ ಕೆಳಗಿನ ಎರಡು-ಮೂರು ಕೊಂಬೆ ತೆಗೆದರೆ ಸಾಕು, ನೆರಳು ಮೇಲೆ ಉಳಿಯುತ್ತದೆ.

ದೊಡ್ಡ ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಬಹುದು. 100 ಗ್ರಾಂ ಮೈಲುತುತ್ತನ್ನು ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಆಮೇಲೆ ಸೇರಿಸಿ. ಕಬ್ಬಿಣದ ಪಾತ್ರೆ ಬೇಡ. ಅಡಿಕೆ, ತೆಂಗು ಬೆಳೆಗಾರರಿಗೆ ಇದು ಗೊತ್ತಿರೋದೇ.

ಕೊಡಲಿ ಎತ್ತುವ ಮುನ್ನ

ರಸ್ತೆ ಬದಿ ಮರ ನಿಮ್ಮ ಅಂಗಡಿ ಮುಂದಿದ್ದರೂ ನಿಮ್ಮದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿ ಅನುಮತಿ ಬೇಕು. ಕೊಂಬೆ ತೆಗೆಸಲೂ ಮೊದಲು ನಗರಸಭೆ ಅಥವಾ ಪಟ್ಟಣ ಪಂಚಾಯಿತಿ ಮತ್ತು ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ.

ವಿದ್ಯುತ್ ತಂತಿಗೆ ತಾಗಿದ ಕೊಂಬೆಗೆ ನೀವಾಗಲಿ, ಕೂಲಿಯವರಾಗಲಿ ಕೈ ಹಾಕಬೇಡಿ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. 1912ಕ್ಕೆ ಕರೆ ಮಾಡಿ, ಲೈನ್ ಆಫ್ ಮಾಡಿಸಿಯೇ ಕೆಲಸ ಶುರು ಮಾಡಿಸಿ. ಹದ್ದುಗಳು ಗೂಡು ಕಟ್ಟುವ ಕಾಲವೂ ಇದೇ; ಗೂಡು, ಜೇನು ಇದೆಯಾ ಅಂತ ಒಮ್ಮೆ ತಲೆ ಎತ್ತಿ ನೋಡಿ.

ಬುಡದ ಕಡೆಗೂ ಗಮನವಿರಲಿ

ಬುಡಕ್ಕೆ ಒತ್ತಿಕೊಂಡಂತೆ ಸಿಮೆಂಟ್ ಹಾಕಿದ್ದರೆ ಒಡೆಸಿ, ಸುತ್ತ ಮೂರಡಿಯಾದರೂ ಮಣ್ಣು ಬಿಡಿಸಿ. ಬೋರ್ಡ್ ಮೊಳೆ, ಕಟ್ಟಿದ ತಂತಿ ಕೀಳಿ. ಉದುರಿದ ಎಲೆ ಸುಡಬೇಡಿ. ಎಳೆ ಗಿಡಗಳ ಬುಡಕ್ಕೆ ಹೊದಿಸಿ, ವಾರಕ್ಕೊಮ್ಮೆ ನೀರು ಕೊಡಿ. ಕಾಂಡಕ್ಕೆ ಎಲೆ ಒತ್ತದಂತೆ ನಾಲ್ಕು ಬೆರಳು ಜಾಗ ಬಿಟ್ಟರೆ ಆಯ್ತು.

ಸಂಕ್ರಾಂತಿ ಕಳೆದು ಬಿಸಿಲು ಏರುವುದರೊಳಗೆ ಇಷ್ಟು ಮುಗಿಸಿಕೊಳ್ಳಿ.