ಕಪ್ಪೆ ಚನ್ನಿಗರಾಯನ ಐತಿಹ್ಯ: ಮಕ್ಕಳ ಪತ್ತೇದಾರಿ ಕಥೆಯಾಗಿ ಒಂದು ಓದು

ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದನೆಂಬುದು ಶಾಸನೋಕ್ತ ಸಂಗತಿ. ಅದೇ ಪ್ರಾಕಾರದ ದಕ್ಷಿಣಕ್ಕಿರುವ ಕಪ್ಪೆ ಚನ್ನಿಗರಾಯನ ಮೂರ್ತಿಯನ್ನು ರಾಣಿ ಶಾಂತಲೆ ಮಾಡಿಸಿದಳು. ಆದರೆ ಆ ಗುಡಿಯ ಮುಂದೆ ನಿಂತ ಮಕ್ಕಳು ಕೇಳಬಯಸುವುದು ಕಪ್ಪೆಯ ಕಥೆಯನ್ನು.

ಕಥೆ ಸುಪರಿಚಿತವಾದುದು. ಕೈದಾಳದ ಶಿಲ್ಪಿ ಜಕಣಾಚಾರಿ ಮನೆ ತೊರೆಯುತ್ತಾನೆ. ಮುಖವನ್ನೇ ಕಾಣದ ತಂದೆಯನ್ನು ಹುಡುಕಿ ಹೊರಟ ಮಗ ಡಂಕಣ ಬೇಲೂರಿಗೆ ಬಂದು, ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುವೆನೆಂದು ಹಿರಿಯ ಶಿಲ್ಪಿ ಪಣ ತೊಡುತ್ತಾನೆ. ಮೂರ್ತಿಗೆ ಬಳಿದ ಗಂಧ ಎಲ್ಲೆಡೆ ಒಣಗಿ, ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟಾಗ ಹೊರಬರುವುದು ನೀರು, ಮರಳು ಮತ್ತು ಒಂದು ಕಪ್ಪೆ.

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು 1950ರ ದಶಕದಲ್ಲಿ ಹೊಸ ಓದುಗರನ್ನು ಸೆಳೆಯುವುದಕ್ಕೂ ಬಹಳ ಹಿಂದೆಯೇ ಆ ಪ್ರಕಾರದ ಮುಖ್ಯ ಅಂಗಗಳೆಲ್ಲ ಈ ಐತಿಹ್ಯದಲ್ಲಿದ್ದವೆಂಬುದು ಗಮನಾರ್ಹ. ಕಾಣೆಯಾದವನಿದ್ದಾನೆ, ಊರಿಗೆ ಅಪರಿಚಿತನಾದ ಬಾಲಕನಿದ್ದಾನೆ, ಕಣ್ಣೆದುರೇ ಇದ್ದರೂ ಯಾರೂ ಗಮನಿಸದ ಸುಳಿವಿದೆ. ಒಣಗದ ಗಂಧ ಪವಾಡವಲ್ಲ, ಪರೀಕ್ಷೆ. ಮಕ್ಕಳಿಗೆ ಅದು ಹಿಡಿಸುವುದು ಈ ಕಾರಣಕ್ಕೇ ಎಂದು ನನ್ನ ಭಾವನೆ. ಆದರೆ ಬಾಲಕ ಬಿಡಿಸಿದ ಒಗಟಿನ ಹಿಂದೆ ಅವನೇ ಅರಿಯದ ಇನ್ನೊಂದು ಒಗಟಿದೆ: ಸೋತವನೇ ಅವನು ಹುಡುಕುತ್ತಿದ್ದ ತಂದೆ. ಪರ್ಶಿಯಾದ ರುಸ್ತುಂ ಕಥೆಯಲ್ಲಿ ಮಗ ಸಾಯುತ್ತಾನೆ. ಜೈಮಿನಿ ಭಾರತದ ಬಭ್ರುವಾಹನ ಪ್ರಸಂಗದಲ್ಲಿ ತಂದೆ ಬೀಳುತ್ತಾನೆ. ಬೇಲೂರಿನ ಕಥೆ ಒಂದು ಕೈಯಿಗೇ ನಿಲ್ಲುತ್ತದೆ. ಕೈದಾಳದಲ್ಲಿ ಅದನ್ನೂ ಹಿಂದಿರುಗಿಸುತ್ತದೆ. ಅಲ್ಲಿನ ಚನ್ನಕೇಶವ ದೇಗುಲವನ್ನು ಸಾಮಂತ ಬಾಚಿ ಕಟ್ಟಿಸಿದ್ದು 1150ರ ಸುಮಾರಿಗೆ. ಐತಿಹ್ಯದ ಕಾಲಾನುಕ್ರಮ ಇಲ್ಲಿ ತಪ್ಪಿಲ್ಲ.

ಜಕಣಾಚಾರಿಯ ಹೆಸರು ಮಾತ್ರ ಬೇಲೂರಿನ ಶಿಲ್ಪಿಗಳ ಬರಹಗಳಲ್ಲಿ ದೊರೆಯುವುದಿಲ್ಲ. ಅದು ‘ದಕ್ಷಿಣಾಚಾರ್ಯ’ ಎಂಬುದರ ರೂಪಾಂತರವೆಂದು ಊಹಿಸಿದವರಿದ್ದಾರೆ. ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರ (1964) ತೆರೆಕಂಡ ಮೇಲೆ ಇಂತಹ ಸಂದೇಹಕ್ಕೆ ಜನಮನದಲ್ಲಿ ಎಡೆಯೇ ಉಳಿಯಲಿಲ್ಲ. ಹಾಗೆಂದು ಕಥೆಯನ್ನು ಸುಳ್ಳೆಂದು ಬದಿಗಿಡುವುದು ಅವಸರವಾದೀತು. ಬೇಲೂರಿನಲ್ಲಿ ತಂದೆಮಗ ಶಿಲ್ಪಿಗಳು ನಿಜಕ್ಕೂ ಇದ್ದರು: ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ. ಇಬ್ಬರೂ ಒಂದೇ ದೇಗುಲದಲ್ಲಿ ಕೆಲಸ ಮಾಡಿ, ತಾವು ಕಡೆದ ಮದನಿಕೆಯರ ಕೆಳಗೆ ತಮ್ಮ ಹೆಸರು ಬರೆದರು. ಜನಪದ ಸ್ಮೃತಿ ಸಂಬಂಧವನ್ನು ಉಳಿಸಿಕೊಂಡು ಹೆಸರುಗಳನ್ನು ಕೈಬಿಟ್ಟಿರಬಹುದೆ? ಸೂರಿನಡಿಯ ಆ ಅಕ್ಷರಗಳನ್ನು ಓದಲು ಇಂದಿಗೂ ಕತ್ತೆತ್ತಿ ಬಹಳ ಹೊತ್ತು ನಿಲ್ಲಬೇಕು.