ಮೂವರು ವೈದ್ಯರು ಮತ್ತು ಒಂದು ಹಳೆಯ ಋಣ



ಬೆಂಗಳೂರಿನಲ್ಲಾಗಲಿ, ನಾವು ನೆಲಸಿರುವ ಈ ಅಮೆರಿಕದಲ್ಲಾಗಲಿ, ಮಗುವನ್ನು ಮಾಂಟೆಸ್ಸರಿ ಶಾಲೆಗೆ ಸೇರಿಸುವುದು ಅನುಕೂಲಸ್ಥ ಕುಟುಂಬಗಳಲ್ಲಿ ಸಾಮಾನ್ಯ ಸಂಗತಿ. ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿ ಓದು ಕಲಿಸುವ ಆ ಪದ್ಧತಿ ಮೂಲತಃ ಯಾರಿಗಾಗಿ ಹುಟ್ಟಿತೆಂಬುದನ್ನು ಮಾತ್ರ ನಾವು ಬಹುಮಟ್ಟಿಗೆ ಮರೆತಿದ್ದೇವೆ.

1800ರಲ್ಲಿ ಫ್ರಾನ್ಸಿನ ಅವೆರಾನ್ ಪ್ರಾಂತ್ಯದ ಕಾಡಂಚಿನಲ್ಲಿ, ಮಾತು ಬಾರದ, ಸುಮಾರು 12 ವರ್ಷದ ಬಾಲಕನೊಬ್ಬ ಸಿಕ್ಕಿದ. ಅಂದಿನ ಪ್ರಸಿದ್ಧ ಮನೋವೈದ್ಯ ಪಿನೆಲ್, ಅವನು ಸುಧಾರಿಸುವ ಆಸೆಯಿಲ್ಲವೆಂದು ತೀರ್ಮಾನಿಸಿದ. ಪ್ಯಾರಿಸ್ಸಿನ ಕಿವುಡ-ಮೂಕರ ಶಾಲೆಯ ತರುಣ ವೈದ್ಯ ಇತಾರ್ ಅದನ್ನು ಒಪ್ಪಲಿಲ್ಲ. ಬಾಲಕನಿಗೆ ವಿಕ್ಟರ್ ಎಂದು ಹೆಸರಿಟ್ಟು, ಸ್ಪರ್ಶ, ದೃಷ್ಟಿ, ಶ್ರವಣಗಳನ್ನು ಒಂದೊಂದಾಗಿ ಪಳಗಿಸುತ್ತಾ ಸುಮಾರು ಐದು ವರ್ಷ ಶ್ರಮಿಸಿದ. ವಿಕ್ಟರ್ ಕೆಲವು ಪದಗಳನ್ನು ಓದಲು ಕಲಿತ. ಮಾತು ಮಾತ್ರ ಬರಲಿಲ್ಲ. ಅವನಿಗೆ ಉಣಿಸಿ, ಉಡಿಸಿ, ಅಕ್ಕರೆ ತೋರಿದವಳು ಮದಾಂ ಗೆರಾಂ ಎಂಬ ಮಹಿಳೆ. ಆ ಆರೈಕೆಗಾಗಿ ಸರ್ಕಾರ ಅವಳಿಗೆ ವೇತನ ಕೊಟ್ಟಿತೆಂಬುದು ಗಮನಾರ್ಹ.

ಇತಾರನ ಶಿಷ್ಯ ಸೆಗ್ಯಾಂ, ಬುದ್ಧಿಮಾಂದ್ಯರೆಂದು ಮೂಲೆಗೊತ್ತಲ್ಪಟ್ಟ ಮಕ್ಕಳಿಗಾಗಿ ಈ ಪ್ರಯೋಗವನ್ನು ಕ್ರಮಬದ್ಧ ಶಿಕ್ಷಣವನ್ನಾಗಿ ಬೆಳೆಸಿದ. ಆತನೂ ನಮ್ಮಂತೆ ವಲಸಿಗ. 1850ರ ಸುಮಾರಿಗೆ ಅಮೆರಿಕಕ್ಕೆ ಬಂದು, ಇಲ್ಲಿಯೇ ವೈದ್ಯಪದವಿ ಪಡೆದು, 1866ರಲ್ಲಿ ತನ್ನ ಪದ್ಧತಿಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ.

ಮೂರನೆಯವರು ಮರಿಯಾ ಮಾಂಟೆಸ್ಸರಿ. ರೋಮಿನ ಯುವವೈದ್ಯೆಯಾಗಿ ಹುಚ್ಚಾಸ್ಪತ್ರೆಗಳಲ್ಲಿ ಕೂಡಿಹಾಕಿದ್ದ ಮಕ್ಕಳನ್ನು ಕಂಡು, ಅವರಿಗೆ ಬೇಕಾದದ್ದು ಔಷಧಕ್ಕಿಂತ ಹೆಚ್ಚಾಗಿ ಶಿಕ್ಷಣವೆಂದು ಅವರು ನಿಶ್ಚಯಿಸಿದರು. ಇತಾರ್ ಮತ್ತು ಸೆಗ್ಯಾಂ ಅವರ ಬರಹಗಳನ್ನು ಸ್ವಹಸ್ತದಿಂದ ಇಟಾಲಿಯನ್ ಭಾಷೆಗೆ ಇಳಿಸಿಕೊಂಡರು. ಅವರ ಕೆಲವು ಶಿಷ್ಯರು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲೇ ತೇರ್ಗಡೆಯಾದರು. ಹಾಗಾದರೆ ಸಾಮಾನ್ಯ ಮಕ್ಕಳು ಇನ್ನೂ ಮುಂದಿರಬೇಡವೇ ಎಂದು ಆಲೋಚಿಸಿದ ಮಾಂಟೆಸ್ಸರಿಯವರು, 1907ರಲ್ಲಿ ಸಾನ್ ಲೊರೆನ್ಸೊ ಎಂಬ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ ಶಿಶುವಿಹಾರವನ್ನು ತೆರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಯುದ್ಧದ ಕಾರಣ 1946ರವರೆಗೆ ಭಾರತದಲ್ಲೇ ಉಳಿದು, ನಮ್ಮ ಶಿಕ್ಷಕರಿಗೆ ತರಬೇತಿ ನೀಡಿದರು.

ಹೀಗೆ ಕೈಬಿಟ್ಟ ಮಕ್ಕಳಿಂದ ಕಲಿತ ವಿದ್ಯೆ ಉಳ್ಳವರ ಮಕ್ಕಳಿಗೆ ಬೇಗನೆ ದಕ್ಕಿತು. ಅದರ ಮೂಲ ವಾರಸುದಾರರು ಬಹುಕಾಲ ಶಾಲೆಯ ಹೊರಗೇ ನಿಂತರು. ಇಲ್ಲಿ 1975ರ ಕಾನೂನು ಜಾರಿಯಾಗುವಾಗ, 10 ಲಕ್ಷ ವಿಕಲಚೇತನ ಮಕ್ಕಳು ಸಾರ್ವಜನಿಕ ಶಾಲೆಗಳಿಂದ ಸಂಪೂರ್ಣ ಹೊರಗಿದ್ದಾರೆಂದು ಅಮೆರಿಕದ ಸಂಸತ್ತೇ ದಾಖಲಿಸಿತು. ಭಾರತದಲ್ಲಿ 1995ರ ಅಧಿನಿಯಮ 7 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರದು 21ನ್ನು ಗುರುತಿಸಿತು. ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿತು. ನಮ್ಮ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದಲೂ ಇದೆ.

ಆದರೆ ಹಕ್ಕಿಗೂ ಹಳ್ಳಿಗೂ ನಡುವೆ ದೂರವಿದೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಮೊದಲ ವರ್ಷದಲ್ಲೇ ಶ್ರವಣಸಾಧನ ದೊರೆತರೆ ಮಾತು ಕಲಿಯುವ ಸಾಧ್ಯತೆ ಹೆಚ್ಚು. ಆರನೆಯ ವರ್ಷದಲ್ಲಿ ದೊರೆತರೆ ಅಮೂಲ್ಯ ಕಾಲ ಕಳೆದಿರುತ್ತದೆ. ಕೂಲಿ ಮಾಡುವ ತಾಯಿಗೆ ಮಗುವನ್ನು ಪಟ್ಟಣಕ್ಕೆ ಕರೆದೊಯ್ಯುವುದೆಂದರೆ ಬಸ್ಸಿನ ಖರ್ಚಿನ ಜೊತೆಗೆ ಅಂದಿನ ಕೂಲಿಯೂ ಹೋದಂತೆ. ಕೆಲವು ವಾರಗಳ ನಂತರ ಚಿಕಿತ್ಸೆ ನಿಂತುಹೋಗುತ್ತದೆ. ಬಂಧುಗಳು ಪೂರ್ವಜನ್ಮದ ಕರ್ಮವೆಂದು ಸಮಾಧಾನ ಹೇಳುತ್ತಾರೆ.

ನಮ್ಮಲ್ಲಿ ಅನೇಕರು ಹುಟ್ಟೂರಿನ ಶಾಲೆಗೆ ಕೊಠಡಿ ಕಟ್ಟಿಸಿಕೊಡುತ್ತಿದ್ದೇವೆ. ಅದು ಸ್ತುತ್ಯ ಕಾರ್ಯ. ಮುಂದಿನ ಸಲ ಹಣ ಕಳುಹಿಸುವ ಮುನ್ನ ಊರಿನ ಮುಖ್ಯೋಪಾಧ್ಯಾಯರನ್ನು ಎರಡು ಮಾತು ಕೇಳೋಣ: ಶಾಲೆಗೆ ಬಾರದೆ ಮನೆಯಲ್ಲೇ ಉಳಿದಿರುವ ಮಕ್ಕಳು ಎಷ್ಟು ಮಂದಿ? ಅವರ ತಾಯಂದಿರ ಪ್ರಯಾಣಕ್ಕೆ, ಒಬ್ಬ ವಿಶೇಷ ಶಿಕ್ಷಕರ ಸಂಬಳಕ್ಕೆ ಏನು ಬೇಕು? ಎರಡು ಶತಮಾನಗಳ ಹಿಂದೆಯೇ ಮದಾಂ ಗೆರಾಂಗೆ ವೇತನವಿತ್ತು. ನಮ್ಮೂರಿನ ತಾಯಿಗೂ ಅಂಥದೊಂದು ಆಸರೆ ದೊರಕಿಸುವುದು ನಮ್ಮ ಕೂಟದ ಶಕ್ತಿಗೆ ಮೀರಿದ್ದೇನಲ್ಲ.